ಗಿಟಾರಿನ ಮೆರುಗುಲೇಪ ಮತ್ತು ಮನೆಯಲ್ಲಿ ನಡೆಯುವ ಮರುಲೇಪನ: ಒಂದು ಐತಿಹಾಸಿಕ ವಿವೇಚನೆ

ವಾದ್ಯಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅವುಗಳ ಆಕಾರ, ತಂತಿಗಳ ಸಂಖ್ಯೆ, ಶ್ರುತಿ, ನುಡಿಸುವ ಕ್ರಮ ಇವುಗಳನ್ನು ಕುರಿತು ವಿಸ್ತಾರವಾಗಿ ವಿವೇಚಿಸಿರುತ್ತಾರೆ. ಮರದ ಮೇಲೆ ಹಚ್ಚಿದ ಮೆರುಗಿಗೆ ಅವರ ಗ್ರಂಥಗಳಲ್ಲಿ ದೊರೆಯುವ ಸ್ಥಳ ಅತ್ಯಲ್ಪವಾದುದು. ಮಿಲಿಮೀಟರಿನ ಹತ್ತರಲ್ಲೊಂದೆರಡು ಪಾಲಿನಷ್ಟು ದಪ್ಪವಿರುವ ಈ ಪೊರೆಯನ್ನು ಕೇವಲ ಅಲಂಕಾರವೆಂದು ಬಗೆದುದೇ ಈ ಉಪೇಕ್ಷೆಗೆ ಕಾರಣವಾಗಿರಬೇಕು. ಆದರೆ ಇಪ್ಪತ್ತನೆಯ ಶತಮಾನದ ಗಿಟಾರನ್ನು ಚರಿತ್ರೆಯ ಆಕರವಾಗಿ ಕಾಣುವವನಿಗೆ ಆ ಪೊರೆ ಅಲಂಕಾರಮಾತ್ರವಲ್ಲ. ಯಾವ ಕಾರ್ಖಾನೆಯಲ್ಲಿ, ಯಾವ ವರ್ಷದ ಆಸುಪಾಸಿನಲ್ಲಿ, ಯಾವ ಸಾಮಗ್ರಿ ಸುಲಭವಾಗಿ ದೊರೆಯುತ್ತಿದ್ದಾಗ ಆ ವಾದ್ಯ ಸಿದ್ಧವಾಯಿತೆಂಬುದನ್ನು ಅದು ಹೇಳಬಲ್ಲುದು. ಹೀಗಿರಲು, ಸಾವಿರಾರು ಮಂದಿ ಹವ್ಯಾಸಿಗಳು ತಮ್ಮ ಮನೆಯ ಹಿತ್ತಿಲಲ್ಲಿಯೋ ಗಾಡಿಯ ಷೆಡ್ಡಿನಲ್ಲಿಯೋ ಕುಳಿತು ಹಳೆಯ ಲೇಪವನ್ನು ಕೆರೆದು ಹೊಸದನ್ನು ಹಚ್ಚುವ ರೂಢಿಯನ್ನು ನಾವು ಹೇಗೆ ಕಾಣಬೇಕು? ಅದು ಆಕರದ ನಾಶವೇ, ಅಥವಾ ಅದೇ ಮತ್ತೊಂದು ಆಕರವೇ? ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಇದು.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳುವುದು ಅಗತ್ಯ. ಇಂಗ್ಲಿಷಿನ 'ಲ್ಯಾಕರ್' ಎಂಬ ಮಾತು ಸಂಸ್ಕೃತದ 'ಲಾಕ್ಷಾ', ಪ್ರಾಕೃತದ 'ಲಕ್ಖಾ' ಎಂಬ ಮೂಲದಿಂದ ಪೋರ್ಚುಗೀಸರ ಮೂಲಕ ಯೂರೋಪನ್ನು ಸೇರಿತೆಂಬುದು ಭಾಷಾಶಾಸ್ತ್ರಜ್ಞರು ಒಪ್ಪಿರುವ ಸಂಗತಿ. ಆದರೆ ಆ ಒಂದೇ ಹೆಸರನ್ನು ಪರಸ್ಪರ ಸಂಬಂಧವಿಲ್ಲದ ಮೂರು ಪದಾರ್ಥಗಳು ಹಂಚಿಕೊಂಡಿವೆ. ಚೀನಾ ಜಪಾನುಗಳ ಲ್ಯಾಕರು ಒಂದು ಮರದ ಹಾಲು. ಅದು ತೇವವಿರುವ ಗಾಳಿಯಲ್ಲಿಯೇ ಗಟ್ಟಿಯಾಗುತ್ತದೆ. ನಮ್ಮ ದೇಶದ ಅರಗು ಮುತ್ತುಗ, ಎಲಚಿ ಮೊದಲಾದ ಮರಗಳ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟವು ಸ್ರವಿಸುವ ಅಂಟು. ಮೂರನೆಯದು ಹತ್ತಿಯ ನಾರನ್ನು ಆಮ್ಲಗಳಲ್ಲಿ ಅದ್ದಿ ತೆಗೆದ ನೈಟ್ರೋಸೆಲ್ಯುಲೋಸು. ಅಮೆರಿಕದ ಗಿಟಾರುಗಳ ಸಂದರ್ಭದಲ್ಲಿ ಲ್ಯಾಕರು ಎಂದರೆ ಈ ಮೂರನೆಯದು. ಜಪಾನಿನ ಕುಶಲಕಲೆಯ ವೈಭವವನ್ನು ಈ ತಗರದ ಡಬ್ಬಿಯ ದ್ರವಕ್ಕೆ ಆರೋಪಿಸಿ ಬರೆದಿರುವ ಬರಹಗಳನ್ನು ನಾವು ಕಂಡಿದ್ದೇವೆ. ಅದಕ್ಕೆ ಆಧಾರವಿಲ್ಲ.

ನೈಟ್ರೋಸೆಲ್ಯುಲೋಸಿಗೆ ಮುಂಚೆ ಗಿಟಾರಿನ ಮೇಲಿದ್ದುದು ಬಹುಮಟ್ಟಿಗೆ ಅರಗು. ಆಧುನಿಕ ಸ್ಪ್ಯಾನಿಷ್ ಗಿಟಾರಿಗೆ ರೂಪಕೊಟ್ಟ ಆಂಟೋನಿಯೋ ದೆ ಟೊರೆಸ್ (1817–1892) ಮತ್ತು ಅವನ ಸಂಪ್ರದಾಯದವರು ಅರಗನ್ನು ಮದ್ಯಸಾರದಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ಸುತ್ತುಸುತ್ತಾಗಿ ಉಜ್ಜಿ ಮೆರುಗು ಕೊಡುತ್ತಿದ್ದರು. ನಮ್ಮ ಬಡಗಿಗಳಿಗೆ ಇದು 'ಫ್ರೆಂಚ್ ಪಾಲಿಷ್' ಎಂಬ ಹೆಸರಿನಲ್ಲಿ ಚೆನ್ನಾಗಿ ಪರಿಚಿತ. ಉತ್ತಮ ಶಾಸ್ತ್ರೀಯ ಗಿಟಾರುಗಳಿಗೆ ಇಂದಿಗೂ ಇದೇ ಕ್ರಮವುಂಟು. ಆ ಅರಗಿನ ಬಹುಭಾಗ ಹೋಗುತ್ತಿದ್ದುದು ನಮ್ಮ ದೇಶದ ಛೋಟಾನಾಗಪುರದ ಕಾಡುಗಳಿಂದ. ಅದರ ಶಾಸ್ತ್ರೀಯ ಅಭ್ಯಾಸಕ್ಕಾಗಿ 1924ರಲ್ಲಿ ರಾಂಚಿಯ ಬಳಿಯ ನಾಮ್ಕುಮಿನಲ್ಲಿ ಸಂಶೋಧನಾಲಯವೊಂದು ಸ್ಥಾಪಿತವಾಯಿತು. ಕರ್ನಾಟಕದಲ್ಲಿಯೂ ಅರಗಿನ ಉದ್ಯಮಕ್ಕೆ ಚರಿತ್ರೆಯಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ 'ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್' ಕಾರ್ಖಾನೆ ಈಗ 'ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್' ಎಂಬ ಹೆಸರಿನಲ್ಲಿದೆ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿರುವುದರಿಂದ ಅದು ಎಲ್ಲರಿಗೂ ಪರಿಚಿತವಾಗಿದೆಯಾದರೂ ಅದರ ಮೊದಲ ಹೆಸರಿನಲ್ಲಿದ್ದುದು ಅರಗು. ಚನ್ನಪಟ್ಟಣದ ಕುಶಲಕರ್ಮಿಗಳು ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದು, ಘರ್ಷಣೆಯ ಬಿಸಿಯಿಂದಲೇ ಅದನ್ನು ಕರಗಿಸಿ ಹತ್ತಿಸುವ ವಿಧಾನವನ್ನು ಬಲ್ಲವರಿಗೆ, ಅರಗು ಕರಗುವ ಮತ್ತು ಮತ್ತೆ ಗಟ್ಟಿಯಾಗುವ ಗುಣವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಈ ಗುಣವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಚರ್ಚೆಯೆಲ್ಲ ಅದನ್ನೇ ಆಧರಿಸಿದೆ.

ಇನ್ನು ನೈಟ್ರೋಸೆಲ್ಯುಲೋಸಿನ ವಿಚಾರ. 1846ರಲ್ಲಿ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಷೋನ್‌ಬೈನ್ ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಸಂಸ್ಕರಿಸಿ ಸಿಡಿಹತ್ತಿಯನ್ನು ಪ್ರಕಟಪಡಿಸಿದನು. ಸಾರಜನಕದ ಅಂಶ ನೂರಕ್ಕೆ 13ರ ಸಮೀಪವಿದ್ದರೆ ಅದು ಮದ್ದು. ಸುಮಾರು 12 ಅಥವಾ ಅದಕ್ಕೆ ತುಸು ಕಡಿಮೆಯಿದ್ದರೆ ಸೂಕ್ತ ದ್ರಾವಕಗಳಲ್ಲಿ ಕರಗಿ, ದ್ರಾವಕ ಆರಿದ ಮೇಲೆ ಪಾರದರ್ಶಕವಾದ ಪೊರೆಯಾಗುತ್ತದೆ. ಯುದ್ಧಸಾಮಗ್ರಿಗೂ ಮೆರುಗಿಗೂ ನಡುವೆ ಇರುವ ಅಂತರ ಇಷ್ಟೇ. ಆದಿಕಾಲದ ಚಲನಚಿತ್ರದ ಸುರುಳಿಗಳೂ ಇದೇ ಪದಾರ್ಥದವು. ನಮ್ಮ ಮೂಕಿ ಚಿತ್ರಗಳಲ್ಲಿ ಅನೇಕವು ಇಂದು ನೋಡಲು ಸಿಕ್ಕದಿರುವುದಕ್ಕೆ ಇದರ ದಹನಶೀಲತೆ ಮತ್ತು ಶಿಥಿಲಗೊಳ್ಳುವ ಸ್ವಭಾವ ಒಂದು ಕಾರಣ. ಹಳೆಯ ಗ್ರಾಮಫೋನ್ ತಟ್ಟೆಗಳು ಅರಗಿನಿಂದ ಆದವು, ಚಿತ್ರದ ಸುರುಳಿಗಳು ಸಿಡಿಹತ್ತಿಯಿಂದ ಆದವು. ಒಂದು ಕಾಲದ ನಾದವನ್ನೂ ನೋಟವನ್ನೂ ಹಿಡಿದಿಟ್ಟ ಈ ಎರಡು ಪದಾರ್ಥಗಳೇ ಗಿಟಾರಿನ ಮೈಮೇಲೂ ಒಂದರ ಹಿಂದೆ ಒಂದು ಬಂದುವೆಂಬುದು ಸ್ವಾರಸ್ಯವಾಗಿದೆ.

ಮೆರುಗಾಗಿ ಇದರ ವ್ಯಾಪಕ ಬಳಕೆ ಮೊದಲನೆಯ ಮಹಾಯುದ್ಧದ ಫಲ. ಯುದ್ಧಕಾಲದಲ್ಲಿ ಬ್ರಿಟನ್ನಿಗೆ ಮದ್ದಿನ ತಯಾರಿಕೆಗಾಗಿ ಅಸಿಟೋನು ಬೇಕಾಗಿತ್ತು. ಮ್ಯಾಂಚೆಸ್ಟರಿನಲ್ಲಿ ಅಧ್ಯಾಪಕನಾಗಿದ್ದ, ಮುಂದೆ ಇಸ್ರೇಲಿನ ಪ್ರಥಮ ರಾಷ್ಟ್ರಾಧ್ಯಕ್ಷನಾದ ಖಾಯಿಮ್ ವೈಜ್‌ಮನ್, ಧಾನ್ಯದ ಪಿಷ್ಟವನ್ನು ಒಂದು ಬಗೆಯ ಸೂಕ್ಷ್ಮಜೀವಿಯಿಂದ ಹುದುಗಿಸಿ ಅದನ್ನು ಪಡೆಯುವ ವಿಧಾನವನ್ನು ಕಂಡುಹಿಡಿದನು. ಆ ಹುದುಗಿನಲ್ಲಿ ಅಸಿಟೋನಿನ ಎರಡರಷ್ಟು ಬ್ಯುಟನಾಲು ಹುಟ್ಟುತ್ತಿತ್ತು. ಆಗ ಅದಕ್ಕೆ ಗಿರಾಕಿಯಿರಲಿಲ್ಲ. ಯುದ್ಧ ಮುಗಿದ ಬಳಿಕ ಅಮೆರಿಕದಲ್ಲಿ ಸ್ಥಿತಿ ತಿರುಗುಮುರುಗಾಯಿತು. ಸಿಡಿಹತ್ತಿಯ ಕಾರ್ಖಾನೆಗಳಿಗೆ ಕೆಲಸವಿಲ್ಲ; ಇತ್ತ ಮೋಟಾರು ಗಾಡಿಗಳ ಕಾರ್ಖಾನೆಗಳಲ್ಲಿ ಎಣ್ಣೆಯ ಮೆರುಗು ಒಣಗಲು ವಾರಗಟ್ಟಲೆ ಹಿಡಿದು ಗಾಡಿಗಳು ಸಾಲುಗಟ್ಟಿ ನಿಂತಿದ್ದುವು. ಬ್ಯುಟನಾಲಿನಿಂದ ಮಾಡಿದ ಬ್ಯುಟೈಲ್ ಅಸಿಟೇಟು ನೈಟ್ರೋಸೆಲ್ಯುಲೋಸಿಗೆ ಅತಿ ವೇಗವೂ ಅಲ್ಲದ ಅತಿ ನಿಧಾನವೂ ಅಲ್ಲದ ಉತ್ತಮ ದ್ರಾವಕವೆಂದು ಕಂಡುಬಂದಿತು. ಯುದ್ಧಕಾಲದಲ್ಲಿ ಬೇಡವಾಗಿದ್ದ ಉಪೋತ್ಪನ್ನವೇ ಶಾಂತಿಕಾಲದಲ್ಲಿ ಮುಖ್ಯೋತ್ಪನ್ನವಾಯಿತು. ಇದರ ಜೊತೆಗೆ ಡ್ಯೂಪಾಂಟ್ ಕಂಪನಿಯವರು ದ್ರಾವಣವನ್ನು ತೆಳ್ಳಗಿಟ್ಟುಕೊಂಡೇ ಅದರಲ್ಲಿ ಹೆಚ್ಚು ನೈಟ್ರೋಸೆಲ್ಯುಲೋಸನ್ನು ಕರಗಿಸುವ ಉಪಾಯವನ್ನು ಸಾಧಿಸಿ, 1923ರಲ್ಲಿ 'ಡ್ಯೂಕೊ' ಎಂಬ ಲ್ಯಾಕರನ್ನು ಮಾರುಕಟ್ಟೆಗೆ ತಂದರು. 1924ರ ಮಾದರಿಯ ಓಕ್‌ಲೆಂಡ್ ಗಾಡಿಗಳು ಇದನ್ನು ಧರಿಸಿ ಬಂದುವು. ವಾರಗಳ ಕೆಲಸ ದಿನಗಳಿಗೆ ಇಳಿಯಿತು.

ಗಿಟಾರಿನ ಕಾರ್ಖಾನೆಗಳು ಈ ಸೌಕರ್ಯವನ್ನು ಕೂಡಲೇ ಮನಗಂಡುವು. ಗಿಬ್ಸನ್ ಕಂಪನಿ 1920ರ ದಶಕದ ಮಧ್ಯಭಾಗದಲ್ಲಿಯೂ, 1833ರಿಂದ ನಡೆದುಬಂದಿದ್ದ ಮಾರ್ಟಿನ್ ಸಂಸ್ಥೆ ಅದೇ ದಶಕದ ಉತ್ತರಾರ್ಧದಲ್ಲಿಯೂ ಹಳೆಯ ವಾರ್ನಿಷು ಅರಗುಗಳನ್ನು ಬಿಟ್ಟು ಲ್ಯಾಕರಿಗೆ ತಿರುಗಿದುವು. ಇಲ್ಲಿ ನಾದದ ವಿಚಾರ ಗೌಣ. ಒಣಗುವ ಕಾಲದ ಉಳಿತಾಯವೇ ಪ್ರಧಾನವೆಂದು ನಮ್ಮ ಅಭಿಪ್ರಾಯ. ನೈಟ್ರೋಸೆಲ್ಯುಲೋಸನ್ನು ನಾದದ ರಹಸ್ಯವೆಂದು ಕೊಂಡಾಡುವ ಇಂದಿನ ಅಭಿಮಾನಿಗಳು, ಅದು ತನ್ನ ಕಾಲದಲ್ಲಿ ಅಗ್ಗವೂ ಶೀಘ್ರವೂ ಆದ ಕಾರ್ಖಾನೆಯ ಬಣ್ಣವಾಗಿದ್ದಿತೆಂಬುದನ್ನು ಮರೆಯಬಾರದು.

ಕ್ಯಾಲಿಫೋರ್ನಿಯದ ಫುಲರ್‌ಟನ್ನಿನಲ್ಲಿದ್ದ ಫೆಂಡರ್ ಕಾರ್ಖಾನೆಯಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟ. 1950ರಲ್ಲಿ ಹೊರಬಂದು ಮರುವರ್ಷ ಟೆಲಿಕಾಸ್ಟರ್ ಎಂಬ ಹೆಸರು ಪಡೆದ ಗಿಟಾರು, 1954ರ ಸ್ಟ್ರ್ಯಾಟೊಕಾಸ್ಟರ್, ಇವೆರಡೂ ಟೊಳ್ಳಿಲ್ಲದ ಮರದ ಹಲಗೆಯಿಂದ ಕಡೆದ ಒಡಲಿನವು. ನೂರಕ್ಕೆ 5ರಷ್ಟು ಹೆಚ್ಚು ಬೆಲೆ ಕೊಟ್ಟ ಗಿರಾಕಿಗೆ ಮೋಟಾರು ಗಾಡಿಗಳ ಬಣ್ಣಗಳನ್ನೇ ಹಚ್ಚಿಕೊಡುತ್ತಿದ್ದರು. 'ಫಿಯೆಸ್ಟಾ ರೆಡ್' 1956ರ ಫೋರ್ಡ್ ಥಂಡರ್‌ಬರ್ಡಿನ ಬಣ್ಣ. 'ಲೇಕ್ ಪ್ಲಾಸಿಡ್ ಬ್ಲೂ' ಕ್ಯಾಡಿಲ್ಯಾಕಿನದು. ಇಲ್ಲಿ ಒಂದು ಪ್ರಚಲಿತ ನಂಬಿಕೆಯನ್ನು ತಿದ್ದಬೇಕಾಗಿದೆ. ಆ ಕಾಲದ ಫೆಂಡರ್ ಗಿಟಾರುಗಳೆಲ್ಲವೂ ಅಡಿಯಿಂದ ಮುಡಿಯವರೆಗೆ ನೈಟ್ರೋಸೆಲ್ಯುಲೋಸೆಂಬುದು ನಿಜವಲ್ಲ. ಫಿಯೆಸ್ಟಾ ರೆಡ್ ಡ್ಯೂಕೊ ಆಗಿದ್ದರೆ, ಲೇಕ್ ಪ್ಲಾಸಿಡ್ ಬ್ಲೂ ಡ್ಯೂಪಾಂಟಿನವರದೇ 'ಲ್ಯೂಸೈಟ್' ಎಂಬ ಅಕ್ರಿಲಿಕ್ ಲ್ಯಾಕರು. 1960ರ ದಶಕದ ಮೊದಲ ವರ್ಷಗಳಲ್ಲಿಯೇ ಮರದ ರಂಧ್ರಗಳನ್ನು ಮುಚ್ಚುವ ಅಡಿಲೇಪಕ್ಕೆ ಬೇರೆಯೇ ಒಂದು ರಾಸಾಯನಿಕ ಬಂದಿತ್ತು. 1965ರಲ್ಲಿ ಕಾರ್ಖಾನೆ ಸಿ.ಬಿ.ಎಸ್. ಸಂಸ್ಥೆಯ ಕೈಸೇರಿದ ಮೇಲೆ, 1968ರ ಸುಮಾರಿಗೆ, ದಪ್ಪನೆಯ ಪಾಲಿಯೆಸ್ಟರು ಲೇಪ ರೂಢಿಗೆ ಬಂದಿತು. ಆದುದರಿಂದ 'ಮೂಲದಂತೆ' ಮರುಲೇಪಿಸುತ್ತೇವೆಂದು ಹೊರಟವನು ಯಾವ ವರ್ಷದ, ಯಾವ ಪದರದ ಮೂಲವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು.

ಕಾರ್ಖಾನೆಯ ಈ ಕೆಲಸ ಮನೆಗೆ ಬಂದುದು ಹೇಗೆ? ಲ್ಯಾಕರನ್ನು ಕುಂಚದಿಂದ ಹಚ್ಚುವುದು ಕಷ್ಟ. ಅದು ಕುಂಚ ಎಳೆಯುತ್ತಿರುವಾಗಲೇ ಆರತೊಡಗುತ್ತದೆ. ಸಿಂಪಡಿಸಲು ಗಾಳಿಯನ್ನೊತ್ತುವ ಯಂತ್ರ ಬೇಕು. 1949ರಲ್ಲಿ ಇಲಿನಾಯ್ ರಾಜ್ಯದ ಎಡ್ವರ್ಡ್ ಸೀಮೋರ್ ಎಂಬವನು ಕೀಟನಾಶಕದ ಸಿಂಪಡಣೆ ಡಬ್ಬಿಯಲ್ಲಿ ಬಣ್ಣವನ್ನು ತುಂಬುವ ಉಪಾಯ ಕಂಡುಕೊಂಡ ಮೇಲೆ ಆ ಅಡ್ಡಿ ನಿವಾರಣೆಯಾಯಿತು. ಟೊಳ್ಳಿಲ್ಲದ ಗಿಟಾರಿನ ರಚನೆಯೂ ಇದಕ್ಕೆ ಅನುಕೂಲವಾಗಿತ್ತು. ಕೆಲವು ತಿರುಪುಗಳನ್ನು ಬಿಚ್ಚಿದರೆ ಕೊರಳು ಬೇರೆ, ಒಡಲು ಬೇರೆ. ಉಳಿಯುವುದು ಒಂದು ಹಲಗೆ.

ಕೆಲಸದ ಕ್ರಮ ಸ್ಥೂಲವಾಗಿ ಹೀಗೆ. ಹಳೆಯ ಲೇಪವನ್ನು ಬಿಸಿಗಾಳಿಯಿಂದಲೋ ರಾಸಾಯನಿಕದಿಂದಲೋ ಮೆತ್ತಗಾಗಿಸಿ ಕೆರೆಯುತ್ತಾರೆ. ಬಳಿಕ ಉಪ್ಪುಕಾಗದದಿಂದ ಉಜ್ಜಿ, 'ಆಷ್' ಮರದಂತೆ ತೆರೆದ ರಂಧ್ರಗಳಿರುವ ಮರವಾದರೆ ಅವುಗಳಿಗೆ ಮೆತ್ತೆ ತುಂಬಿ, ಅಡಿಲೇಪ, ಬಣ್ಣ, ಕೊನೆಗೆ ಪಾರದರ್ಶಕ ಲ್ಯಾಕರುಗಳನ್ನು ತೆಳುಪದರಗಳಾಗಿ ಸಿಂಪಡಿಸುತ್ತಾರೆ. ಹೊರಗೆ ಒಂದು ಗಂಟೆಯಲ್ಲಿ ಒಣಗಿದಂತೆ ಕಂಡರೂ ಒಳಗಿನ ದ್ರಾವಕ ಪೂರ್ತಿ ಹೋಗಲು ಹಲವು ವಾರಗಳು ಬೇಕು. ಆಮೇಲೆ ನಯವಾದ ಕಾಗದವನ್ನು ನೀರಿನಲ್ಲಿ ನೆನೆಸಿ ತಿಕ್ಕಿ ಹೊಳಪು ಬರಿಸುತ್ತಾರೆ. ಹೆಚ್ಚಿನವರು ಕೆಡಿಸುವುದು ಈ ಕಾಯುವ ಹಂತದಲ್ಲಿ. ಮಳೆಗಾಲದ ಗಾಳಿಯಲ್ಲಿ ಸಿಂಪಡಿಸಿದರೆ ಮತ್ತೊಂದು ತೊಡಕುಂಟು. ದ್ರಾವಕ ವೇಗವಾಗಿ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಹನಿಗಟ್ಟಿ ಲೇಪವು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ; ನಿಧಾನವಾಗಿ ಆರುವ ದ್ರಾವಕವನ್ನು ಅದರ ಮೇಲೆ ಸಿಂಪಡಿಸಿದರೆ ಮಂಜು ಕರಗಿಹೋಗುತ್ತದೆ. ಅಪಾಯಗಳನ್ನೂ ಹೇಳದೆ ಬಿಡುವಂತಿಲ್ಲ. ದ್ರಾವಕದ ಆವಿ ಶ್ವಾಸಕ್ಕೆ ಕೆಡುಕು, ಬೆಂಕಿಗೆ ಸುಲಭ ತುತ್ತು. ಮಹಾಭಾರತದ ಅರಗಿನ ಮನೆಯ ಕಥೆಯನ್ನು ಬಲ್ಲವರು, ಸಿಡಿಹತ್ತಿಯ ಲೇಪ ಅರಗಿಗಿಂತಲೂ ಬೇಗ ಹೊತ್ತಿಕೊಳ್ಳುವುದೆಂದು ತಿಳಿದರೆ ಸಾಕು. ಹಳೆಯ ಬಣ್ಣ ತೆಗೆಯಲು ಬಹುಕಾಲ ಬಳಕೆಯಲ್ಲಿದ್ದ ಮೆಥಿಲೀನ್ ಕ್ಲೋರೈಡನ್ನು, ಅದರ ಆವಿಯಿಂದ ಸಾವುಗಳು ಸಂಭವಿಸಿದ ಕಾರಣ, ಅಮೆರಿಕದ ಸರ್ಕಾರ 2019ರಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರದಂತೆ ನಿಷೇಧಿಸಿತು.

ಈಗ ಲೇಪದ ಮುಖ್ಯ ಗುಣಕ್ಕೆ ಬರೋಣ. ಪಾಲಿಯೆಸ್ಟರು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಮೇಲೆ ಹಚ್ಚಿದ ಹೊಸ ಪದರ ಹಳೆಯದರ ಮೇಲೆ ಬೇರೆಯಾಗಿಯೇ ಕುಳಿತಿರುತ್ತದೆ. ಅರಗೂ ನೈಟ್ರೋಸೆಲ್ಯುಲೋಸೂ ಹಾಗಲ್ಲ. ದ್ರಾವಕ ಆರುವುದರಿಂದ ಮಾತ್ರ ಗಟ್ಟಿಯಾಗುವ ಇವು, ಅದೇ ದ್ರಾವಕ ಸೋಕಿದರೆ ಪುನಃ ಕರಗುತ್ತವೆ. ಆದಕಾರಣ ಹೊಸ ಪದರ ಹಳೆಯದರೊಳಗೆ ಬೆರೆತು ಒಂದಾಗುತ್ತದೆ. ಒಂದು ಸಣ್ಣ ಗಾಯವನ್ನು ಇಡೀ ಒಡಲನ್ನು ಕೆರೆಯದೆಯೇ ಮುಚ್ಚಬಹುದು. ದುರಸ್ತಿಗಾರನಿಗೆ ಇದು ವರ. ಚರಿತ್ರಕಾರನಿಗೋ, ಎರಡು ಕಾಲಗಳ ನಡುವಣ ಗೆರೆ ಕಣ್ಣಿಗೆ ಕಾಣದಂತಾಗುತ್ತದೆ. ಶಾಸನಗಳ ಅಭ್ಯಾಸದಲ್ಲಿ, ಹಳೆಯ ಅಕ್ಷರಗಳನ್ನು ತಟ್ಟಿ ಅಳಿಸಿ ಮತ್ತೆ ಬರೆದ ತಾಮ್ರಪಟಗಳನ್ನು ಕಂಡವರಿಗೆ ಈ ಕಷ್ಟ ಹೊಸದಲ್ಲ. ಅಲ್ಲಿ ಅಡಿಯ ಅಕ್ಷರದ ಗುರುತಾದರೂ ಅಲ್ಲಲ್ಲಿ ಉಳಿದಿರುತ್ತದೆ. ಇಲ್ಲಿ ಎರಡು ಬರಹಗಳೂ ಒಂದೇ ಶಾಯಿಯಾಗಿ ಕೂಡಿಹೋಗುತ್ತವೆ.

ಬಣ್ಣದ ಸಾಕ್ಷ್ಯವನ್ನಂತೂ ಎಚ್ಚರಿಕೆಯಿಂದ ಸ್ವೀಕರಿಸಬೇಕು. ನೈಟ್ರೋಸೆಲ್ಯುಲೋಸು ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ. ಮೇಲಿನ ಪಾರದರ್ಶಕ ಪದರ ಹಳದಿಯಾದುದರಿಂದ ನೀಲಿ ಗಿಟಾರು ಹಸುರಾಗಿಯೂ ಬಿಳಿಯದು ಕೆನೆಬಣ್ಣವಾಗಿಯೂ ತೋರುತ್ತವೆ. ಇಂದು ಮನೆಯಲ್ಲಿ ಮರುಲೇಪಿಸುವವರಲ್ಲಿ ಅನೇಕರು ಈ ಮುಪ್ಪಿನ ಬಣ್ಣವನ್ನೇ ಮೂಲವೆಂದು ತಿಳಿದು ಲ್ಯಾಕರಿಗೆ ಹಳದಿಯ ಛಾಯೆ ಬೆರೆಸುತ್ತಾರೆ. ಕಾರ್ಖಾನೆಯಿಂದ ಹೊರಟ ದಿನ ಆ ಗಿಟಾರಿಗೆ ಆ ಬಣ್ಣ ಇರಲೇ ಇಲ್ಲ.

ಮನೆಯ ಮರುಲೇಪನಕ್ಕೆ ಪ್ರತಿಷ್ಠೆ ತಂದುಕೊಟ್ಟವರಲ್ಲಿ ಬೀಟಲ್ಸ್ ವೃಂದದವರು ಮುಖ್ಯರು. 1967ರಲ್ಲಿ ಜಾರ್ಜ್ ಹ್ಯಾರಿಸನ್ ತನ್ನ ತಿಳಿನೀಲಿ ಸ್ಟ್ರ್ಯಾಟೊಕಾಸ್ಟರಿಗೆ ಕಣ್ಣು ಕೋರೈಸುವ ಬಣ್ಣಗಳನ್ನು ತಾನೇ ಬಳಿದನು. ತಲೆಯ ಭಾಗಕ್ಕೆ ಹೆಂಡತಿಯ ಉಗುರುಬಣ್ಣವನ್ನು ಹಚ್ಚಿದನು. ಉಗುರುಬಣ್ಣವೂ ನೈಟ್ರೋಸೆಲ್ಯುಲೋಸಿನ ಲ್ಯಾಕರೇ ಎಂಬುದನ್ನು ಇಲ್ಲಿ ಹೇಳಬೇಕು. ಅರಿತೋ ಅರಿಯದೆಯೋ ಆತನು ಕಾರ್ಖಾನೆಯ ಜಾತಿಯ ಪದಾರ್ಥವನ್ನೇ ಬಳಸಿದಂತಾಯಿತು. 1968ರಲ್ಲಿ ಅವನೂ ಜಾನ್ ಲೆನನ್ನನೂ ತಮ್ಮ ಎಪಿಫೋನ್ ಕ್ಯಾಸಿನೊ ಗಿಟಾರುಗಳ ಲೇಪವನ್ನು ಕೆರೆಯಿಸಿ ಬರಿಯ ಮರವನ್ನು ತೋರುವಂತೆ ಮಾಡಿದರು. ಅದೇ ವರ್ಷ ಹೃಷೀಕೇಶದಲ್ಲಿ ಅವರ ಜೊತೆಗಿದ್ದ ಗಾಯಕ ಡೊನೊವನ್, ಲೇಪ ತೆಗೆದರೆ ನಾದ ಸುಧಾರಿಸುತ್ತದೆಂದು ಹೇಳಿದುದೇ ಇದಕ್ಕೆ ಪ್ರೇರಣೆಯೆಂಬ ಮಾತೂ ಉಂಟು. 1969ರ ಜನವರಿ 30ರಂದು ಲಂಡನ್ನಿನ ಮಾಳಿಗೆಯ ಮೇಲೆ ನಡೆದ ಅವರ ಕೊನೆಯ ಬಹಿರಂಗ ವಾದನದಲ್ಲಿ ಲೆನನ್ನನ ಕೈಯಲ್ಲಿದ್ದುದು ಈ ಬರಿಮೈಯ ಗಿಟಾರು. ಮುಂದಿನ ದಶಕದಲ್ಲಿ ಇದನ್ನು ಅನುಕರಿಸಿ ಹಳೆಯ ಲೇಪಗಳನ್ನು ಕೆರೆದುಹಾಕಿದವರಿಗೆ ಲೆಕ್ಕವಿಲ್ಲ.

ಮರ 'ಉಸಿರಾಡಬೇಕು' ಎಂಬುದು ಅವರ ವಾದ. ಕ್ಯಾಸಿನೊದಂಥ ಟೊಳ್ಳೊಡಲಿನ ವಾದ್ಯದಲ್ಲಿ ತೆಳುಹಲಗೆಯ ಮೇಲಿನ ದಪ್ಪ ಲೇಪ ಕಂಪನವನ್ನು ತಡೆಯಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದನ್ನೇ ನಾಲ್ಕೂವರೆ ಸೆಂಟಿಮೀಟರು ದಪ್ಪದ ಹಲಗೆಗೆ ಅನ್ವಯಿಸುವುದು ಅತಿಶಯೋಕ್ತಿ. ಪಿಟೀಲಿನ ಪ್ರಪಂಚದಲ್ಲಿಯೂ ಇಂಥದೇ ಭ್ರಮೆ ಬಹುಕಾಲ ಇದ್ದಿತು. ಸ್ಟ್ರ್ಯಾಡಿವೇರಿಯಸನ ಮೆರುಗಿನಲ್ಲಿ ಏನೋ ಗುಪ್ತದ್ರವ್ಯವಿದೆಯೆಂದು ಪಂಡಿತರೂ ನಂಬಿದ್ದರು. ಫ್ರಾನ್ಸಿನ ವಿದ್ವಾಂಸರು ಅವನ ಐದು ಪಿಟೀಲುಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಅಲ್ಲಿದ್ದುದು ಆ ಕಾಲದ ಚಿತ್ರಕಾರರಿಗೆ ಸುಪರಿಚಿತವಾದ ಎಣ್ಣೆ, ರಾಳ ಮತ್ತು ವರ್ಣದ್ರವ್ಯಗಳು ಮಾತ್ರ.

ಹಾಗಾದರೆ ಕೆರೆದುದರಿಂದ ನಷ್ಟವಾದುದೇನು? ಒಂದು ಉದಾಹರಣೆ ಕೊಡುತ್ತೇವೆ. 1964ರ ಸುಮಾರಿನವರೆಗೂ ಫೆಂಡರ್ ಕಾರ್ಖಾನೆಯಲ್ಲಿ ಲೇಪ ಹಸಿಯಾಗಿರುವಾಗ ಒಡಲು ಎಲ್ಲಿಗೂ ತಾಗದಂತೆ ಅದಕ್ಕೆ ಕೆಲವು ಸಣ್ಣ ಮೊಳೆಗಳನ್ನು ಹೊಡೆದು ಅವುಗಳ ಮೇಲೆ ನಿಲ್ಲಿಸುತ್ತಿದ್ದರು. ಲೇಪ ಮುಗಿದ ಮೇಲೆ ಮೊಳೆಗಳನ್ನು ಕೀಳುತ್ತಿದ್ದರು. ಆದುದರಿಂದ ಮೂಲಲೇಪವಿರುವ ಒಡಲಿನಲ್ಲಿ ಆ ರಂಧ್ರಗಳ ಒಳಗೆ ಬಣ್ಣವಿರದು. ಬಣ್ಣ ಒಳಗಿಳಿದಿದ್ದರೆ, ಅಥವಾ ರಂಧ್ರವೇ ಮುಚ್ಚಿಹೋಗಿದ್ದರೆ, ಅದು ಮರುಲೇಪನದ ಗುರುತು. ಕಾರ್ಮಿಕರ ಕೈ ಹೇಗೆ ಕೆಲಸಮಾಡುತ್ತಿತ್ತೆಂಬುದಕ್ಕೆ ಯಾವ ಕಡತದಲ್ಲಿಯೂ ಸಿಕ್ಕದ ಸಾಕ್ಷ್ಯವಿದು. ಒಂದು ಮಧ್ಯಾಹ್ನದ ಉಪ್ಪುಕಾಗದದ ಉಜ್ಜಿಗೆ ಇದು ಇಲ್ಲವಾಗುತ್ತದೆ. ಮರುಲೇಪಗೊಂಡ ಹಳೆಯ ಗಿಟಾರಿಗೆ ಸುಮಾರು ಅರ್ಧ ಬೆಲೆಯೆಂದು ವ್ಯಾಪಾರಿಗಳು ರೂಢಿಯಾಗಿ ಹೇಳುವುದುಂಟು. ವ್ಯಾಪಾರಿಯ ಲೆಕ್ಕ ನಮ್ಮದಲ್ಲ. ಆದರೂ ಆಕರದ ಬೆಲೆಯನ್ನು ನಮ್ಮ ವಸ್ತುಸಂಗ್ರಹಗಳಿಗಿಂತ ಮೊದಲು ಸಂತೆ ಗುರುತಿಸಿತೆಂಬುದು ಒಪ್ಪಬೇಕಾದ ಮಾತು.

ಇದರಿಂದ ಎಲ್ಲ ಮರುಲೇಪನವೂ ಹಾನಿಯೆಂದು ತೀರ್ಮಾನಿಸುವುದೂ ಅವಸರ. ಬ್ರಿಟನ್ನಿನಲ್ಲಿ ಅಮೆರಿಕದ ವಾದ್ಯಗಳ ಆಮದಿನ ಮೇಲಿದ್ದ ನಿರ್ಬಂಧ 1959ರಲ್ಲಿ ತೊಲಗಿದ ಬಳಿಕ, ಷ್ಯಾಡೋಸ್ ವೃಂದದ ಹ್ಯಾಂಕ್ ಮಾರ್ವಿನ್ ನುಡಿಸುತ್ತಿದ್ದ ಕೆಂಪು ಸ್ಟ್ರ್ಯಾಟೊಕಾಸ್ಟರಿನಂತಹುದೇ ಬೇಕೆಂದು ತರುಣರೆಲ್ಲ ಕೇಳತೊಡಗಿದರು. ಅಲ್ಲಿನ ವಿತರಕರು ಬೇರೆ ಬಣ್ಣದ ಹೊಸ ಗಿಟಾರುಗಳನ್ನೇ ಕೆಂಪು ಮಾಡಿಸಿ ಮಾರಿದರು. ಅಂಥ ಗಿಟಾರಿನಲ್ಲಿ ಕೆಂಪು 'ಖೋಟಾ'. ಆದರೆ 1960ರ ದಶಕದ ಬ್ರಿಟನ್ನಿನ ತರುಣರ ಅಭಿರುಚಿಗೆ ಆ ಖೋಟಾ ಕೆಂಪೇ ಪ್ರಮಾಣ. ಅದನ್ನು ಕೆರೆದು ಅಡಿಯ ಮೂಲವನ್ನು ಹೊರತೆಗೆಯುವವನು ಒಂದು ದಾಖಲೆಯನ್ನು ಪಡೆದು ಇನ್ನೊಂದನ್ನು ಕಳೆಯುತ್ತಾನೆ. ಲೆನನ್ನನ ಕ್ಯಾಸಿನೊವಿಗೆ ಮತ್ತೆ ಕಾರ್ಖಾನೆಯ ಲೇಪ ಹಚ್ಚುವ ಮಾತನ್ನು ಯಾರೂ ಆಡಲಾರರು.

ನಮ್ಮ ಮಟ್ಟಿಗೆ, ಮೂಲಲೇಪ ಅಲ್ಪಸ್ವಲ್ಪವಾದರೂ ಉಳಿದಿರುವ ಹಳೆಯ ವಾದ್ಯವನ್ನು ಕೆರೆಯಬಾರದು. ಗಾಯವಿರುವಷ್ಟಕ್ಕೆ ಲೇಪ ತುಂಬಿದರೆ ಸಾಕು. ಕೆರೆಯಲೇಬೇಕಾದಲ್ಲಿ, ಕೊರಳು ಕೂರುವ ಗುಳಿಯನ್ನೂ ಫಲಕದ ಅಡಿಯ ಪೊಟರೆಗಳನ್ನೂ ಮುಟ್ಟದೆ ಬಿಡುವುದು ಉಚಿತ. ಹಳೆಯ ಬಣ್ಣ ಬಿಸಿಲು ಕಾಣದೆ, ಬೆವರು ಸೋಕದೆ, ಹಚ್ಚಿದ ದಿನದಂತೆಯೇ ಉಳಿದಿರುವುದು ಆ ಕತ್ತಲೆಯ ಎಡೆಗಳಲ್ಲಿಯೇ. ಮುಂದೆ ಯಾರಾದರೂ ನೇರಳಾತೀತ ದೀಪ ಹಿಡಿದು ನೋಡಿದಾಗ, ಮುದಿಯಾದ ನೈಟ್ರೋಸೆಲ್ಯುಲೋಸು ಹಸುರುಹಳದಿಯಾಗಿ ಮಿನುಗಿ, ಹೊಸದಾಗಿ ತುಂಬಿದ ಭಾಗ ಕಪ್ಪಾಗಿಯೇ ತೋರುತ್ತದೆ.